ಬಂಗುಡೆ, ಅಂಜಲ್, ಕಾಟ್ಲಾ: ಮೂರಕ್ಕೂ ಒಂದೇ ಮಸಾಲೆ ಹಾಕಬಹುದೇ? ಫ್ರೈ ಮಾಡುವಾಗ ಮಸಾಲೆ ಬಿಟ್ಟುಕೊಳ್ಳುವುದೇಕೆ?

ಪ್ರಶ್ನೆ: ಅಡುಗೆಮನೆ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮಗೆ ಸಿಗುವ ಮೀನು ಬಂಗುಡೆ, ಬೂತಾಯಿ, ಅಂಜಲ್ ಹೋಳು. ಕೆರೆ ಮೀನಿನಲ್ಲಿ ಕಾಟ್ಲಾ, ರೋಹು. ಈಗ ಎಲ್ಲಕ್ಕೂ ಒಂದೇ ವಿಧಾನ ನಡೆಯುತ್ತಿದೆ.

ಫ್ರೈಗೆ: ಅರ್ಧ ಕೆಜಿ ಮೀನಿಗೆ 3 ಚಮಚ ಖಾರದ ಪುಡಿ, 1 ಚಮಚ ಧನಿಯಾ ಪುಡಿ, ಶುಂಠಿ ಬೆಳ್ಳುಳ್ಳಿ ಪೇಸ್ಟ್, 2 ನಿಂಬೆಹಣ್ಣಿನ ರಸ, ಉಪ್ಪು. ಸ್ವಲ್ಪ ನೀರು ಹಾಕಿ ಕಲಸಿ ಬೆಳಿಗ್ಗೆ ಹಚ್ಚಿಟ್ಟು, ನಾಲ್ಕೈದು ಗಂಟೆ ಬಿಟ್ಟು ಹುರಿಯುವುದು. ಮಗುಚುವಾಗ ಮಸಾಲೆ ತವಾದಲ್ಲೇ ಉಳಿಯುತ್ತದೆ, ಮೀನು ಪುಡಿಪುಡಿಯಾಗುತ್ತದೆ.

ಸಾರಿಗೆ: ತೆಂಗಿನಕಾಯಿ, ಟೊಮೆಟೊ, ಅದೇ ಖಾರದ ಪುಡಿ, ಹುಣಸೆಹಣ್ಣು. ಅಂಜಲ್ ಹಾಕಿದರೆ ಪರವಾಗಿಲ್ಲ. ಬಂಗುಡೆ ಹಾಕಿದರೆ ವಾಸನೆ ಮೇಲೇಳುತ್ತದೆ, ಕಾಟ್ಲಾ ಹಾಕಿದರೆ ಕೆಸರಿನ ವಾಸನೆ. ಕೆಲವೊಮ್ಮೆ ಕಾಯಿ ಒಂದು ಕಡೆ, ನೀರು ಒಂದು ಕಡೆ ಆಗುತ್ತದೆ.

ಯಾವ ಮೀನಿಗೆ ಯಾವ ಮಸಾಲೆ, ಯಾವ ಹುಳಿ, ಎಷ್ಟು ಹೊತ್ತು? ದಯವಿಟ್ಟು ಅಳತೆ ಸಮೇತ ತಿಳಿಸಿ.

ಉತ್ತರ: ಮಲ್ಪೆ_ತೀರ

ಫ್ರೈ ಬಗ್ಗೆ ಬರೆಯುತ್ತೇನೆ, ಸಾರಿನ ವಿಷಯ ಬೇರೆಯವರು ಹೇಳಲಿ.

ನಿಮ್ಮ ಮೀನು ಪುಡಿಯಾಗಲು ಮೊದಲ ಕಾರಣ ಆ ಎರಡು ನಿಂಬೆಹಣ್ಣು. ಹುಳಿಯಲ್ಲಿ ಮೀನಿನ ಮಾಂಸ ಬೆಂಕಿಯಿಲ್ಲದೆಯೇ ಅರ್ಧ ಬೆಂದಂತೆ ಬೆಳ್ಳಗಾಗುತ್ತದೆ, ನೀರು ಬಿಡುತ್ತದೆ. ಐದು ಗಂಟೆ ಬಿಟ್ಟರೆ ಅದು ಕಾವಲಿಗೆ ಬೀಳುವ ಮೊದಲೇ ಬಿರುಸಾಗಿ, ಬೆಂದ ಮೇಲೆ ಪುಡಿಯಾಗುತ್ತದೆ. ಹುಳಿ ಹಾಕಿದ ಮಸಾಲೆ ಹಚ್ಚಿ 30 ನಿಮಿಷ ಇಟ್ಟರೆ ಸಾಕು, ದಪ್ಪ ಅಂಜಲ್ ಹೋಳಿಗಾದರೆ 45 ನಿಮಿಷ. ಬೆಳಿಗ್ಗೆಯೇ ಹಚ್ಚಿಡಬೇಕೆಂದರೆ ಉಪ್ಪು, ಅರಿಶಿನ, ಮೆಣಸಿನ ಮಸಾಲೆ ಮಾತ್ರ ಹಚ್ಚಿ, ಮೀನು ಕಾಯಿಸುವ ಅರ್ಧ ಗಂಟೆ ಮೊದಲು ಹುಳಿ ಸವರಿ.

ಎರಡನೆಯದು ನೀರು. ತೊಳೆದ ಮೀನನ್ನು ಜರಡಿಯಲ್ಲಿ ಹತ್ತು ನಿಮಿಷ ಇಳಿಬಿಟ್ಟು, ಆಮೇಲೆ ಹತ್ತಿಬಟ್ಟೆಯಲ್ಲಿ ಹೊರಗೂ ಹೊಟ್ಟೆಯ ಒಳಗೂ ಒತ್ತಿ ಒರೆಸಬೇಕು. ಒದ್ದೆ ಚರ್ಮದ ಮೇಲೆ ಮಸಾಲೆ ಕೂರುವುದಿಲ್ಲ. ಕಾವಲಿಯಲ್ಲಿ ಆ ನೀರು ಹಬೆಯಾಗಿ ಮಸಾಲೆಯನ್ನು ಅಡಿಯಿಂದ ಎಬ್ಬಿಸುತ್ತದೆ. ನೀವು ತವಾದಲ್ಲಿ ನೋಡುತ್ತಿರುವುದು ಅದೇ.

ಖಾರದ ಪುಡಿಗಿಂತ ಅರೆದ ಮೆಣಸು ಚೆನ್ನಾಗಿ ಹಿಡಿಯುತ್ತದೆ. ಪುಡಿ ಬೇಗ ಸೀದು ಕಹಿಯಾಗುತ್ತದೆ. ಅರ್ಧ ಕೆಜಿಗೆ (ಬಂಗುಡೆಯಾದರೆ ಮೂರು ನಾಲ್ಕು ಬರುತ್ತವೆ) ಬ್ಯಾಡಗಿ ಮೆಣಸು 12, ಖಾರಕ್ಕೆ ಗುಂಟೂರು 3, ಕೊತ್ತಂಬರಿ ಬೀಜ 1 ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು 8, ಬೆಳ್ಳುಳ್ಳಿ 6 ಎಸಳು, ಶುಂಠಿ ಅರ್ಧ ಇಂಚು, ಅರಿಶಿನ ಕಾಲು ಚಮಚ, ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ, ಉಪ್ಪು 1 ಚಮಚ. ಮೆಣಸನ್ನೂ ಹುಳಿಯನ್ನೂ ಕಾಲು ಲೋಟ ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ ಆ ನೀರಿನಲ್ಲೇ ಅರೆಯಿರಿ, ಬೇರೆ ನೀರು ಬೇಡ. ಬೆರಳಲ್ಲಿ ತೆಗೆದರೆ ಜಾರದೆ ನಿಲ್ಲುವಷ್ಟು ಗಟ್ಟಿ ಇರಬೇಕು. ಕೊನೆಗೆ 1 ದೊಡ್ಡ ಚಮಚ ಅಕ್ಕಿಹಿಟ್ಟು ಕಲಸಿ, ಮಸಾಲೆಯನ್ನು ಕಚ್ಚಿ ಹಿಡಿಯುವುದು ಅದೇ.

ಇಡೀ ಬಂಗುಡೆಗೆ ಒಂದೊಂದು ಬದಿಗೆ ಮೂರು ಓರೆ ಗೀರು, ಮೂಳೆ ತಾಗುವವರೆಗೆ. ಮೂಳೆ ಕಡಿಯಬೇಡಿ, ಮಗುಚುವಾಗ ಅಲ್ಲೇ ಮುರಿಯುತ್ತದೆ. ಗೀರಿನ ಒಳಗೆ ಬೆರಳಿನಿಂದ ಮಸಾಲೆ ತುಂಬಿ. ಕಾಣೆ ಮೀನಿನ ಮಾಂಸ ತೀರ ಮೆದು, ಅದಕ್ಕೆ ಗೀರು ಹಾಕುವುದೇ ಬೇಡ.

ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ 3 ದೊಡ್ಡ ಚಮಚ ತೆಂಗಿನೆಣ್ಣೆ. ಒಂದು ಚಿಟಿಕೆ ಮಸಾಲೆ ಹಾಕಿದರೆ ಕೂಡಲೇ ಚುರ್ ಅನ್ನಬೇಕು, ಆದರೆ ಹೊಗೆ ಬರಬಾರದು. ಎರಡು ಎಸಳು ಕರಿಬೇವನ್ನು ಎಣ್ಣೆಯಲ್ಲಿ ಹರಡಿ ಅದರ ಮೇಲೆ ಮೀನು ಇಡಿ: ಪರಿಮಳಕ್ಕೆ ಪರಿಮಳ, ಚರ್ಮವೂ ಕಬ್ಬಿಣಕ್ಕೆ ನೇರವಾಗಿ ಅಂಟುವುದಿಲ್ಲ. ಆಮೇಲೆ ಮಧ್ಯಮ ಉರಿಗೆ ಇಳಿಸಿ ನಾಲ್ಕು ನಿಮಿಷ ಮುಟ್ಟಬೇಡಿ. ಅಡಿ ಗರಿಯಾದಾಗ ಮೀನು ತಾನಾಗಿಯೇ ಕಾವಲಿ ಬಿಡುತ್ತದೆ. ಸಟ್ಟುಗ ತೂರಿಸುವಾಗ ಹಿಡಿದುಕೊಂಡರೆ ಇನ್ನೊಂದು ನಿಮಿಷ ಕಾಯಿರಿ. ಒಂದೇ ಸಲ ಮಗುಚುವುದು, ಇನ್ನೊಂದು ಬದಿಗೆ ಮೂರರಿಂದ ನಾಲ್ಕು ನಿಮಿಷ. ಮುಚ್ಚಳ ಹಾಕಬಾರದು, ಹಬೆ ನಿಂತು ಗರಿ ಹೋಗುತ್ತದೆ. ಕಾವಲಿ ತುಂಬ ಮೀನು ತುಂಬಿಸಿದರೂ ಅದೇ ಆಗುತ್ತದೆ: ಕಾವು ಇಳಿಯುತ್ತದೆ, ನೀರು ಒಸರುತ್ತದೆ, ಮೀನು ಹುರಿಯುವ ಬದಲು ಬೇಯುತ್ತದೆ. ಒಂದು ಸರದಿ ಆದ ಮೇಲೆ ಸೀದ ಮಸಾಲೆಯನ್ನು ಒರೆಸಿ ತೆಗೆದು ಹೊಸ ಎಣ್ಣೆ ಹಾಕಿ.

ರವೆ ಫ್ರೈ ಕಾಣೆಗೆ, ಅಂಜಲಿಗೆ, ಮಾಂಜಿಗೆ (ಪಾಂಫ್ರೆಟ್) ಒಪ್ಪುತ್ತದೆ. ಇವು ಎಣ್ಣೆ ಕಡಿಮೆ ಇರುವ ಬಿಳಿ ಮಾಂಸದವು, ರವೆಯ ಹೊದಿಕೆ ಒಳಗಿನ ರಸ ಉಳಿಸುತ್ತದೆ. ಬಂಗುಡೆ, ಬೂತಾಯಿಗೂ ರವೆ ಹಾಕುವವರಿದ್ದಾರೆ, ಆದರೆ ಅವುಗಳ ಚರ್ಮದಡಿಯ ಕೊಬ್ಬೇ ಕರಗಿ ಮಸಾಲೆಯನ್ನು ಹುರಿಯುತ್ತದೆ. ರವೆ ಹಾಕಿದರೆ ಆ ರುಚಿ ಮುಚ್ಚಿಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ರವೆ ಉದುರುವುದು ನಿಮ್ಮ ತೊಂದರೆಯಾದರೆ, ಎರಡು ಪಾಲು ಸಣ್ಣ ರವೆಗೆ ಒಂದು ಪಾಲು ಅಕ್ಕಿಹಿಟ್ಟು ಬೆರೆಸಿ. ಮೀನನ್ನು ಅದರಲ್ಲಿ ಹೊರಳಿಸಿದರೆ ಸಾಲದು, ಅಂಗೈಯಲ್ಲಿ ಒತ್ತಿ ಹಿಡಿಸಬೇಕು. ಹೊರಳಿಸಿದ ಕೂಡಲೇ ಕಾವಲಿಗೆ ಹಾಕಿ, ಇಟ್ಟರೆ ರವೆ ನೀರು ಕುಡಿದು ಹಿಟ್ಟಾಗುತ್ತದೆ.

ಉತ್ತರ: ಅಂಕೋಲಾ_ಕಡಲು

ಮೇಲಿನವರು ಫ್ರೈಗೆ ಹೇಳಿದ್ದು ಸಾರಿಗೂ ಸಲ್ಲುತ್ತದೆ: ಮೊದಲು ಮೀನಿನಲ್ಲಿ ಎಣ್ಣೆ ಎಷ್ಟಿದೆ ನೋಡಿ, ಆಮೇಲೆ ಹುಳಿ ಯಾವುದು ಎಂದು ನಿರ್ಧರಿಸಿ. ಬಂಗುಡೆ, ತಾರ್ಲೆ (ನೀವು ಬೂತಾಯಿ ಅಂದದ್ದು; ಕುಂದಾಪುರದವರ ಬೈಗೆ) ಎಣ್ಣೆ ಮೀನು. ಟೊಮೆಟೊದ ತೆಳು ಹುಳಿ ಅವುಗಳ ವಾಸನೆಯನ್ನು ತಡೆಯುವುದಿಲ್ಲ. ಅವಕ್ಕೆ ಬಲವಾದ ಹುಳಿಯೂ ಜೊತೆಗೆ ಒಂದು ಗಾಢ ಪರಿಮಳವೂ ಬೇಕು. ಅಂಜಲ್ (ಕಾರವಾರದ ಕಡೆ ಇಸ್ವಾಣ), ಮಾಂಜಿ, ಕಾಣೆಗೆ ತದ್ವಿರುದ್ಧ: ಹುಳಿ ಜಾಸ್ತಿಯಾದರೆ ಮೀನಿನ ಸವಿಯೇ ಕಾಣೆಯಾಗುತ್ತದೆ. ನಿಮ್ಮ ಸಾರು ಅಂಜಲಿಗೆ ಪರವಾಗಿಲ್ಲ ಅನಿಸಿದ್ದು ಅದಕ್ಕೇ.

ಉತ್ತರ ಕನ್ನಡದಲ್ಲಿ ಬಂಗುಡೆಗೆ ತೆಪ್ಪಲ್ ಹಾಕುತ್ತಾರೆ. ಕನ್ನಡದಲ್ಲಿ ಜುಮ್ಮನಕಾಯಿ ಅನ್ನುತ್ತಾರೆ, ಬಾಯಲ್ಲಿಟ್ಟರೆ ನಾಲಿಗೆ ಜುಮ್ಮೆನ್ನುತ್ತದೆ. ಅರ್ಧ ಕೆಜಿ ಬಂಗುಡೆಗೆ ಒಂದೂವರೆ ಲೋಟ ಕಾಯಿತುರಿ, ಬ್ಯಾಡಗಿ ಮೆಣಸು 8ರಿಂದ 10, ಕೊತ್ತಂಬರಿ 1 ಚಮಚ, ಅರಿಶಿನ ಅರ್ಧ ಚಮಚ, ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ. ಏನನ್ನೂ ಹುರಿಯುವುದಿಲ್ಲ, ಹಸಿಯಾಗಿಯೇ ಅರೆಯುವುದು. ಈ ಸಾರಿಗೆ ನೀರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ. ತೆಪ್ಪಲ್ 8ರಿಂದ 10 ತೆಗೆದುಕೊಂಡು ಒಳಗಿನ ಕರಿ ಬೀಜ ಬಿಸಾಡಿ, ಅದು ಗಟ್ಟಿ, ಕಹಿ. ಸಿಪ್ಪೆಯನ್ನು ಮಾತ್ರ ಎರಡು ಚಮಚ ನೀರಿನಲ್ಲಿ ಜಜ್ಜಿಡಿ. ಮಸಾಲೆಯ ಜೊತೆ ಅರೆದರೆ ಸಾರೆಲ್ಲ ಕಹಿಯಾಗುವುದುಂಟು.

ಅರೆದದ್ದಕ್ಕೆ ಎರಡು ಲೋಟ ನೀರು, ಉಪ್ಪು ಸೇರಿಸಿ ಮಧ್ಯಮ ಉರಿಯಲ್ಲಿ 8ರಿಂದ 10 ನಿಮಿಷ ಕುದಿಸಿ. ಹಸಿ ಮೆಣಸಿನ ವಾಸನೆ ಹೋಗಿ ಮೇಲೆ ಸಣ್ಣ ಎಣ್ಣೆಯ ಚುಕ್ಕಿ ಕಾಣಿಸಬೇಕು. ಆಗ ಮೀನು, ಅದರ ಮೇಲೆ ಜಜ್ಜಿದ ತೆಪ್ಪಲ್ ನೀರು ಸಮೇತ. ಆರು ನಿಮಿಷ ಸಣ್ಣಗೆ ಕುದಿಸಿ ಇಳಿಸಿ, 1 ಚಮಚ ಹಸಿ ತೆಂಗಿನೆಣ್ಣೆ ಸುರಿದು ಮುಚ್ಚಿಡಿ. ಸೌಟು ಹಾಕಬೇಡಿ. ಪಾತ್ರೆಯ ಎರಡೂ ಅಂಚು ಹಿಡಿದು ಸುತ್ತಿಸಿದರೆ ಸಾಕು. ಅರ್ಧ ಗಂಟೆಯಾದರೂ ಬಿಟ್ಟು ಬಡಿಸಿ, ತೆಪ್ಪಲ್ ರಸ ಬಿಡಲು ಅಷ್ಟು ಹೊತ್ತು ಬೇಕು.

ಹುಣಸೆಯ ಬದಲು ಮುರುಗಲ (ಕೋಕಂ) ಸಿಪ್ಪೆಯನ್ನೂ ಹಾಕಬಹುದು, 5ರಿಂದ 6. ಅರೆಯಬೇಡಿ, ತೊಳೆದು ಇಡಿಯಾಗಿ ಮೀನಿನ ಜೊತೆಗೇ ಹಾಕಿ. ಸಾರು ಮರುದಿನಕ್ಕೆ ಉಳಿಯುವುದಾದರೆ ರಾತ್ರಿಯೇ ಸಿಪ್ಪೆ ತೆಗೆದುಬಿಡಿ. ಅದು ಹುಳಿ ಬಿಡುತ್ತಲೇ ಇರುತ್ತದೆ, ಬೆಳಗಾಗುವಾಗ ಸಾರು ಕಪ್ಪಾಗಿ ಹಲ್ಲು ಚುಳ್ಳೆನ್ನುತ್ತದೆ. ಮಾವಿನಕಾಯಿ, ಬಿಂಬುಳಿ, ಅಂಬಡೆ ಸಿಗುವ ಕಾಲದಲ್ಲಿ ಅವೇ ಹುಳಿ. ಬಿಂಬುಳಿ ಹಾಕಿದರೆ ಹುಣಸೆಯನ್ನು ಅರ್ಧಕ್ಕೆ ಇಳಿಸಿ. ಕೊಡಗಿನವರ ಕಾಚಂಪುಳಿ (ಹಣ್ಣಿನ ರಸ ಬತ್ತಿಸಿದ ಕಪ್ಪು ಹುಳಿ) ಸಿಕ್ಕಿದರೆ ಅರ್ಧ ಕೆಜಿ ಮೀನಿಗೆ 1 ಚಮಚ ಸಾಕು, ಅದು ಬಟ್ಟಿ ಇಳಿಸಿದಂತೆ ಗಾಢ.

ಅಂಜಲಿಗೆ ಇದೇ ಮಸಾಲೆಯಲ್ಲಿ ತೆಪ್ಪಲ್ ಬಿಟ್ಟು, ಹುಳಿ ಅರ್ಧ ಮಾಡಿ, ಕಾಯಿ ಅರೆಯುವಾಗ ಒಂದು ಸಣ್ಣ ನೀರುಳ್ಳಿ ಸೇರಿಸಿ. ಹೋಳು ಎರಡು ಸೆಂಟಿಮೀಟರ್ ದಪ್ಪ ಇದ್ದರೆ ಕುದಿ ಬಂದ ಮೇಲೆ ಆರೇಳು ನಿಮಿಷ. ಹತ್ತು ದಾಟಿದರೆ ಅಂಜಲ್ ಹತ್ತಿಯ ಹಾಗೆ ಒಣಗುತ್ತದೆ.

ಕಾಯಿ ಮತ್ತು ನೀರು ಬೇರೆಯಾಗುವುದು ಬಹುಪಾಲು ಅರೆಯುವುದರಲ್ಲಿನ ತಪ್ಪು. ಮಿಕ್ಸಿಯಲ್ಲಿ ಒಂದೇ ಸಲ ಬಹಳ ನೀರು ಹಾಕಿದರೆ ಕಾಯಿ ಸುತ್ತುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ. ಮೊದಲು ಮೆಣಸು, ಕೊತ್ತಂಬರಿ, ಹುಳಿಯನ್ನು ಅರೆದು, ಆಮೇಲೆ ಕಾಯಿ ಹಾಕಿ, ನೀರನ್ನು ಚಮಚ ಚಮಚವಾಗಿ ಸೇರಿಸುತ್ತ ಗಂಧದ ಹಾಗೆ ತರಬೇಕು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಕಾಯಿತುರಿಯಾದರೆ ಬೆಚ್ಚಗಿನ ನೀರು ಬಳಸಿ, ಇಲ್ಲವಾದರೆ ಕೊಬ್ಬು ಹರಳುಗಟ್ಟುತ್ತದೆ. ಇಷ್ಟಾದ ಮೇಲೂ ಒಡೆದರೆ ಉರಿ ಜೋರಾಗಿದೆ ಎಂದರ್ಥ.

ಉತ್ತರ: ಮಲ್ಪೆ_ತೀರ

ತೆಪ್ಪಲ್ ಬೆಂಗಳೂರಿನಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಅದು ಸಿಗದವರು ಎಣ್ಣೆ ಮೀನಿಗೆ ಪುಳಿಮುಂಚಿ ಮಾಡಿ. ತುಳುವಿನಲ್ಲಿ ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು. ಹೆಸರಿನಲ್ಲೇ ಇದೆ, ತೆಂಗಿನಕಾಯಿ ಇಲ್ಲ.

ಅರ್ಧ ಕೆಜಿ ಬೂತಾಯಿಗೆ ಬ್ಯಾಡಗಿ 15, ಗುಂಟೂರು 4, ಕೊತ್ತಂಬರಿ 1 ದೊಡ್ಡ ಚಮಚ, ಕಾಳುಮೆಣಸು 10, ಜೀರಿಗೆ ಅರ್ಧ ಚಮಚ, ಮೆಂತೆ ಕಾಲು ಚಮಚ. ಒಂದೊಂದನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತೆ ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯಬೇಕು, ಕೆಂಪಾದರೆ ಇಡೀ ಮಸಾಲೆ ಕಹಿ. ದೊಡ್ಡ ನಿಂಬೆ ಗಾತ್ರದ ಹುಳಿ, 8 ಎಸಳು ಬೆಳ್ಳುಳ್ಳಿ, ಒಂದು ಸಣ್ಣ ನೀರುಳ್ಳಿ, ಅರಿಶಿನ ಸೇರಿಸಿ ಗಟ್ಟಿಯಾಗಿ ಅರೆಯಿರಿ. ಮಣ್ಣಿನ ಪಾತ್ರೆಯಲ್ಲಿ ಸಣ್ಣಗೆ ಹೆಚ್ಚಿದ ಶುಂಠಿ, ಸೀಳಿದ ಎರಡು ಹಸಿಮೆಣಸು, ಕರಿಬೇವಿನ ಜೊತೆ ಒಂದು ಲೋಟ ನೀರು ಹಾಕಿ ಹತ್ತು ನಿಮಿಷ ಕುದಿಸಿ. ಮಸಾಲೆ ಸೌಟಿನ ಹಿಂಬದಿಗೆ ಅಂಟುವಷ್ಟು ದಪ್ಪವಾದಾಗ ಮೀನು. ಬೂತಾಯಿಗೆ ಐದು ನಿಮಿಷ, ಬಂಗುಡೆಗೆ ಏಳು. ಇಳಿಸಿ 1 ದೊಡ್ಡ ಚಮಚ ತೆಂಗಿನೆಣ್ಣೆ.

ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಬಿಸಿಬಿಸಿಯಾಗಿ ರುಚಿ ನೋಡಿ ಹುಳಿ ಖಾರ ಜಾಸ್ತಿಯಾಯಿತೆಂದು ನೀರು ಸುರಿಯುವುದು. ಮೂರು ಗಂಟೆ ಕಳೆದರೆ ಮೀನು ಹುಳಿ ಎಳೆದುಕೊಂಡು ಸಮವಾಗುತ್ತದೆ. ಮರುದಿನ ನೀರುದೋಸೆಗೆ, ಕುಚ್ಚಲಕ್ಕಿ ಗಂಜಿಗೆ ಇನ್ನೂ ಚೆನ್ನ.

ಉತ್ತರ: ಕಾವೇರಿ_ಬಯಲು

ಕಾಟ್ಲಾ, ರೋಹು ಬಗ್ಗೆ ಯಾರೂ ಹೇಳಿಲ್ಲ, ಅದನ್ನು ನಾನು ಬರೀತೀನಿ. ಕೆರೆ ಮೀನಿನ ಕೆಸರು ವಾಸನೆ ಮೇಲಿನ ಕೊಳೆಯಲ್ಲ, ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಕೆರೆಯಲ್ಲಿರೋ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ ಹುಟ್ಟೋ ಜಿಯೋಸ್ಮಿನ್ ಅನ್ನೋ ವಸ್ತು ಮೀನಿನ ಕೊಬ್ಬಿನಲ್ಲಿ ಸೇರಿಕೊಂಡಿರುತ್ತೆ. ಹೊಟ್ಟೆಯ ಭಾಗ, ಚರ್ಮದ ಕೆಳಗಿನ ಕಂದು ಕೆಂಪು ಮಾಂಸ, ಇಲ್ಲೆಲ್ಲ ಜಾಸ್ತಿ. ಹುಳಿ ತಾಗಿದರೆ ಅದು ಒಡೆಯುತ್ತೆ. ಹಾಗಾಗಿ ಕೆರೆ ಮೀನಿಗೆ ಹುಳಿ ಅಡುಗೆಗೆ ಮೊದಲೂ ಬೇಕು, ಅಡುಗೆಯಲ್ಲೂ ಬೇಕು.

ಮೊದಲು ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಯಿರಿ. ಬೆನ್ನುಮೂಳೆ ಉದ್ದಕ್ಕೂ ಇರೋ ರಕ್ತದ ಗೆರೆಯನ್ನು ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ. ತಲೆ ಬಳಸೋದಾದರೆ ಕಿವಿರು ಪೂರ್ತಿ ಕಿತ್ತು ಬಿಸಾಡಿ. ಅಂಗಡಿಯವರು ಇವನ್ನು ಹಾಗೇ ಬಿಟ್ಟಿರ್ತಾರೆ, ವಾಸನೆಯ ಬಹುಪಾಲು ಇಲ್ಲೇ ಇರೋದು. ಆಮೇಲೆ ಒಂದು ಹಿಡಿ ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ಐದು ನಿಮಿಷ ಬಿಟ್ಟು ತೊಳೆದು, ಹುಳಿ ಮಜ್ಜಿಗೆಯಲ್ಲೋ ತೆಳ್ಳಗಿನ ಹುಣಸೆ ನೀರಲ್ಲೋ 15 ನಿಮಿಷ ನೆನೆಸಿ, ಮತ್ತೆ ತೊಳೀರಿ. ಮಲ್ಪೆಯವರು ಹುಳಿಯಲ್ಲಿ ಜಾಸ್ತಿ ಹೊತ್ತು ಬಿಡಬೇಡಿ ಅಂದಿದ್ದು ಇದಕ್ಕೂ ಅನ್ವಯ, 15 ನಿಮಿಷ ಮೀರಬೇಡಿ.

ಸಾರಿಗೆ, 1 ಕೆಜಿ ಕಾಟ್ಲಾಗೆ: ಎರಡು ದಪ್ಪ ಈರುಳ್ಳಿ, 15 ಎಸಳು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಅಂಚು ಕಂದಾಗೋವರೆಗೆ ಹುರಿದು, 2 ಟೊಮೆಟೊ, ಅರ್ಧ ಲೋಟ ಕಾಯಿತುರಿ, 3 ದೊಡ್ಡ ಚಮಚ ಧನಿಯಾ ಪುಡಿ, 2 ದೊಡ್ಡ ಚಮಚ ಖಾರದ ಪುಡಿ, 10 ಕಾಳುಮೆಣಸು ಸೇರಿಸಿ ರುಬ್ಬಿ. ಕಾಯಿ ಇದಕ್ಕಿಂತ ಜಾಸ್ತಿ ಬೇಡ. ಕೆರೆ ಮೀನಿಗೆ ತೆಂಗಿನ ಸಿಹಿ ಏರಿದಷ್ಟೂ ಆ ಮಣ್ಣು ವಾಸನೆ ಎದ್ದು ಕಾಣುತ್ತೆ. ನಿಮ್ಮ ಸಾರು ಕೆಟ್ಟಿದ್ದು ಇಲ್ಲೇ ಅನಿಸುತ್ತೆ. ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಅರಿಶಿನ, ಉಪ್ಪು ಹಾಕಿ 15 ನಿಮಿಷ ಚೆನ್ನಾಗಿ ಕುದಿಸಿ. ತಲೆಯನ್ನು ಮೊದಲು ಹಾಕಿ, ಐದು ನಿಮಿಷ ಬಿಟ್ಟು ಹೋಳು ಹಾಕಿ ಎಂಟು ನಿಮಿಷ. ಇಳಿಸೋ ಮೊದಲು ಹುರಿದು ಪುಡಿ ಮಾಡಿದ ಮೆಂತ್ಯ ಕಾಲು ಚಮಚ, ಮೇಲೆ ಕೊತ್ತಂಬರಿ ಸೊಪ್ಪು. ಮುದ್ದೆಗಾದರೆ ಸಾರು ಸ್ವಲ್ಪ ತೆಳ್ಳಗೇ ಇರಲಿ, ಆರಿದಾಗ ತಾನೇ ಗಟ್ಟಿಯಾಗುತ್ತೆ.

ಕಾಟ್ಲಾ, ರೋಹು ಫ್ರೈ ಮಾಡೋರಿಗೆ ಸಣ್ಣ ಮುಳ್ಳಿನ ತೊಂದರೆ. ಬಾಲದ ಕಡೆಯ ಹೋಳಿನಲ್ಲಿ ಕವಲು ಮುಳ್ಳು ಜಾಸ್ತಿ. ಅಲ್ಲಿ ಹರಿತವಾದ ಚಾಕುವಿನಿಂದ ಮೂರು ನಾಲ್ಕು ಮಿಲಿಮೀಟರಿಗೊಂದು ಗೀರು ಹಾಕಿ, ಮುಳ್ಳು ಕತ್ತರಿಸೋ ಸಣ್ಣ ಸದ್ದು ಕೇಳಿಸುತ್ತೆ. ಎಣ್ಣೆ ಒಳಗೆ ಹೋಗಿ ಆ ತುಂಡು ಮುಳ್ಳುಗಳು ಗರಿಗರಿಯಾಗ್ತವೆ. ಮಕ್ಕಳಿಗೆ ಮಾತ್ರ ಹೊಟ್ಟೆಯ ಹೋಳೇ ಕೊಡಿ, ಅಲ್ಲಿರೋದು ದೊಡ್ಡ ಪಕ್ಕೆಲುಬು, ಕಣ್ಣಿಗೆ ಕಾಣುತ್ತೆ.

ಮರುಪ್ರಶ್ನೆ: ಅಡುಗೆಮನೆ_ಬೆಂಗಳೂರು

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಬೇಕು. ಫ್ರೀಜರಿನ ಅಂಜಲ್ ಹೋಳು ಕರಗಿಸಿದರೆ ಮೆತ್ತಗಾಗುತ್ತದೆ, ಏನು ಮಾಡಬೇಕು? ಇನ್ನು ಬಂಗುಡೆ ಸ್ವಲ್ಪ ಹಳೆಯದಾದರೂ ಹುಳಿ ಖಾರ ಜಾಸ್ತಿ ಹಾಕಿದರೆ ನಡೆಯುತ್ತದೆ ಅನ್ನುತ್ತಾರೆ, ಹೌದೇ?

ಉತ್ತರ: ಅಂಕೋಲಾ_ಕಡಲು

ಎರಡನೆಯದಕ್ಕೆ ಮೊದಲು: ಖಂಡಿತ ಬೇಡ. ಬಂಗುಡೆ, ತಾರ್ಲೆ, ಟೂನಾ ಜಾತಿಯ ಮೀನುಗಳು ತಂಪಿಲ್ಲದೆ ಕೆಲವು ಗಂಟೆ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಕೂಡಿಕೊಳ್ಳುತ್ತದೆ. ಕುದಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ, ಹುಳಿ ಹಾಕಿದರೂ ಇಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರುವುದು, ಬಾಯಿ ಉರಿ, ಮೈಮೇಲೆ ದದ್ದು, ತಲೆನೋವು ಬರುತ್ತವೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೀನಿನಲ್ಲಿ ಕೆಟ್ಟ ವಾಸನೆ ಇಲ್ಲದಿದ್ದರೂ ಹೀಗಾಗಬಹುದು. ಆದ್ದರಿಂದ ಮಂಜುಗಡ್ಡೆಯ ಅಡಿಯಲ್ಲಿಟ್ಟ ಬಂಗುಡೆಯನ್ನೇ ಕೊಳ್ಳಿ, ಹಲಗೆಯ ಮೇಲೆ ಬಿಸಿಲಿಗೆ ಹರಡಿದ್ದನ್ನಲ್ಲ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಿರಬೇಕು, ಹೊಟ್ಟೆ ಒತ್ತಿದರೆ ಗುಳಿ ಬೀಳಬಾರದು. ತಲೆ ಹಿಡಿದು ಅಡ್ಡಲಾಗಿ ಎತ್ತಿದರೆ ತಾಜಾ ಬಂಗುಡೆ ಸೆಟೆದು ನಿಲ್ಲುತ್ತದೆ, ಹಳೆಯದು ಬಾಗುತ್ತದೆ. ಮನೆಗೆ ತಂದ ಕೂಡಲೇ ಕರುಳು ತೆಗೆದು ತೊಳೆದು ಫ್ರಿಜ್ಜಿಗೆ ಹಾಕಿ, ಅದೇ ದಿನ ಅಡುಗೆ ಮಾಡಿ.

ಫ್ರೀಜರಿನ ಹೋಳನ್ನು ನೀರಿನಲ್ಲಿ ಮುಳುಗಿಸಿ ಕರಗಿಸಿದರೆ ಇನ್ನಷ್ಟು ಮೆತ್ತಗಾಗುತ್ತದೆ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ, ಅಡಿಯಲ್ಲಿ ಒಂದು ಜರಡಿ ಇಟ್ಟರೆ ಇಳಿದ ನೀರು ಮೀನಿಗೆ ತಾಗುವುದಿಲ್ಲ. ಆಮೇಲೆ ಅರ್ಧ ಚಮಚ ಉಪ್ಪು ಸವರಿ 15 ನಿಮಿಷ ಬಿಡಿ, ಬಿಟ್ಟ ನೀರನ್ನು ಒರೆಸಿ, ಮಸಾಲೆಯಲ್ಲಿ ಅಷ್ಟು ಉಪ್ಪು ಕಡಿಮೆ ಮಾಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬೆಂಗಳೂರಿಗೆ ಬರುವ ಅಂಜಲ್ ಬಹುಮಟ್ಟಿಗೆ ಫ್ರೀಜರಿನದ್ದು ಅಥವಾ ಬೇರೆ ಕಡಲಿನದ್ದು. ಆಗ ಫ್ರೈಗಿಂತ ಸಾರಿಗೆ ಹಾಕುವುದೇ ಲೇಸು.

ಉತ್ತರ: ಕಾವೇರಿ_ಬಯಲು

ಆ ಎರಡು ತಿಂಗಳಲ್ಲಿ ಕೊರಮೀನು ಸಿಕ್ಕಿದರೆ ಬಿಡಬೇಡಿ. ಜೀವಂತವಾಗಿ ತೊಟ್ಟಿಯಲ್ಲಿಟ್ಟು ಮಾರ್ತಾರೆ, ಸಣ್ಣ ಮುಳ್ಳು ಕಡಿಮೆ, ಮಾಂಸ ಗಟ್ಟಿ. ಮೈಮೇಲಿನ ಲೋಳೆ ಹೋಗೋವರೆಗೂ ಬೂದಿ ಇಲ್ಲವೇ ಕಲ್ಲುಪ್ಪು ಹಾಕಿ ಒರಟು ಕಲ್ಲಿನ ಮೇಲೆ ಉಜ್ಜಬೇಕು, ಅದೊಂದೇ ಕಷ್ಟ. ಮೇಲೆ ಬರೆದ ಕಾಟ್ಲಾ ಸಾರಿನ ಮಸಾಲೆಯೇ ಸಾಕು, ಹೋಳು ಮಾತ್ರ ಎಂಟರ ಬದಲು ಹನ್ನೆರಡು ನಿಮಿಷ ಬೇಯಲಿ.